ತಾಮ್ರಕ್ಕೂ ಅಲ್ಯೂಮಿನಿಯಂಗೂ ದಲ್ಲಾಳಿ ಹುಡುಕಿ ತೈವಾನಿಗೆ

ಆದೋನಿ

ಎಮ್ಮಿಗನೂರು ರಸ್ತೆಯಲ್ಲಿ ನನ್ನದೊಂದು ಸೈಟು ಇತ್ತು. ಪೂರ್ವಕ್ಕೆ ಮುಖ, ಎದುರಿಗೆ ಬೇವಿನ ಮರ, ಪಕ್ಕದಲ್ಲೇ ನೀರಿರುವ ಬೋರು. ಈ ಪ್ರಯಾಣಕ್ಕೂ ಪ್ರಯಾಣದಿಂದ ಬಂದ ಯಂತ್ರಕ್ಕೂ ಸೇರಿ ನನಗಾದ ಖರ್ಚು ಆ ಸೈಟು. ಎಷ್ಟಕ್ಕೆ ಹೋಯಿತು ಎಂದು ಕೇಳಬೇಡಿ. ಮಾರಿಹೋದ ಸೈಟಿನ ಬೆಲೆ ಕೇಳುವವರು ಹೊಟ್ಟೆ ಉರಿಸಲಿಕ್ಕೆ ಕೇಳುತ್ತಾರೆಯೇ ಹೊರತು ಕೊಳ್ಳಲಿಕ್ಕಲ್ಲ. ಯಾಕೆ ಮಾರಿದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನಾನು ಹೊಳಗುಂದದ ಹೆಣ್ಣುಮಗಳು. ಆಂಧ್ರದ ಗಡಿಯಲ್ಲಿ ಕನ್ನಡ ತೆಲುಗು ಎರಡೂ ಆಡುವ ಆದೋನಿಗೆ ಸೊಸೆಯಾಗಿ ಬಂದು, ಬೇರೆಯವರ ಅಂಗಡಿಗೆ ಮನೆಯಲ್ಲೇ ಕೂತು ಮೋಟಾರಿನ ಕಾಯಿಲ್ ಸುತ್ತಿಕೊಡುತ್ತಿದ್ದೆ. ಸುತ್ತುತ್ತ ಸುತ್ತುತ್ತ ಕೆಲಸ ಕಲಿತೆ. ಕೆಲಸಕ್ಕಿಂತ ಹೆಚ್ಚಾಗಿ ಗಿರಾಕಿಗಳನ್ನು ಕಲಿತೆ. ಈಗ ಮಾರ್ಕೆಟ್ ಯಾರ್ಡಿನ ಹಿಂದೆ ರಿವೈಂಡಿಂಗ್ ಅಂಗಡಿ ನನ್ನದೇ. ಊರಿನ ಅರ್ಧ ಹತ್ತಿ ಮಿಲ್ಲುಗಳ ಮೋಟಾರುಗಳು ಸುಟ್ಟರೆ ನನ್ನ ಬಾಗಿಲಿಗೇ ಬರುತ್ತವೆ.

ಈಚೆಗೆ ಬರುವ ಅಗ್ಗದ ಮೋಟಾರುಗಳ ಒಳಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ. ಹೊರಗೆ ಬರುವ ತಂತಿ ಮಾತ್ರ ತಾಮ್ರದ್ದು. ಎರಡೂ ಕೂಡುವ ಜಾಗವೇ ಇಡೀ ಮೋಟಾರಿನ ದೌರ್ಬಲ್ಯ. ಒತ್ತಿ ಹಿಡಿಸಿದರೆ ಕಾದು ಕಾದು ಸಡಿಲಾಗುತ್ತದೆ. ಬೆಂಕಿ ಕೊಟ್ಟು ಬೆಸೆದರೆ ಎರಡರ ನಡುವೆ ಬಿಸ್ಕತ್ತಿನಂಥ ಪುಡಿಪದರ ಹುಟ್ಟುತ್ತದೆ, ತಟ್ಟಿದರೆ ಮುರಿಯುತ್ತದೆ. ಪೂರ್ತಿ ತಾಮ್ರವೇ ಸುತ್ತಿಕೊಡುತ್ತೇನೆಂದರೆ ಆ ಬೆಲೆಗೆ ಗಿರಾಕಿ ಒಪ್ಪುವುದಿಲ್ಲ. ಹೋದ ಸೀಜನ್‌ನಲ್ಲಿ ಮಲ್ಲಿಕಾರ್ಜುನಪ್ಪನವರ ಮಿಲ್ಲಿನಲ್ಲಿ ನಾನು ರಿಪೇರಿ ಮಾಡಿ ಕೊಟ್ಟ ಮೋಟಾರಿನ ಅಂಥ ಒಂದು ಜಾಯಿಂಟ್ ಕಾದು, ಮೇಲೆ ಕೂತಿದ್ದ ಹತ್ತಿಯ ನವಿರು ಹೊಗೆಯಾಡಿತು. ಕೂಲಿಯವರು ಮರಳು ಸುರಿದು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಲ್ಲಿಕಾರ್ಜುನಪ್ಪನವರು ಆ ಮೋಟಾರನ್ನು ತಳ್ಳುಗಾಡಿಯ ಮೇಲೆ ಹೇರಿಸಿ, ಯಾರ್ಡಿನ ತುಂಬ ಜನ ನೋಡುವಂತೆ ನನ್ನ ಅಂಗಡಿಗೆ ತಂದು ಇಳಿಸಿದರು. ಹಿಂದೆಯೇ ತಾವೂ ಬಂದರು.

"ಗಂಗಮ್ಮಾ, ನಿಮ್ಮ ಮೋಟಾರ್ ನೀವೇ ಇಟ್ಕೋರಿ. ನಂದು ಹತ್ತಿ ಮಿಲ್ಲೈತ್ರಿ, ಹೋಮದ ಕುಂಡ ಅಲ್ಲ."

"ಗ್ಯಾರಂಟಿ ಐತ್ರಿ ಅಪ್ಪಾರ, ಬದ್ಲಿ ಕೊಡ್ತೀನಿ."

"ಬದ್ಲಿ ಕೊಟ್ರ ಬದ್ಲಿ ಸುಡ್ತೈತಿ. ಮುಂದಿನ ಸೀಜನ್ ಒಳಗ, ಮೋಟಾರ್ ಓಡೋವಾಗ ಅಂಗೈ ಇಟ್ರ ಸುಡಬಾರ್ದು, ಅಂಥಾ ಜಾಯಿಂಟ್ ತೋರಸ್ರಿ. ಇಲ್ಲಾಂದ್ರ ನನ್ನ ಮೋಟಾರ್‌ಗಳು ಕರ್ನೂಲಿಗೆ ಹೋಗ್ತಾವ."

ಅವರ ಮೋಟಾರು ಕರ್ನೂಲಿಗೆ ಹೋದರೆ ಉಳಿದ ಮಿಲ್ಲುಗಳವೂ ಹಿಂದೆಯೇ ಹೋಗುತ್ತವೆ. ಮಿಲ್ಲಿನವರು ಒಬ್ಬರನ್ನೊಬ್ಬರು ನೋಡಿಯೇ ನಡೆಯುವವರು. ಅಂದರೆ ಅಂಗಡಿಗೆ ಬೀಗ.

ಹುಡುಕಾಡಿದಾಗ ಬೆಂಕಿಯಿಲ್ಲದೆ ಬೆಸೆಯುವ ಯಂತ್ರವೊಂದು ಇದೆ ಎಂದು ತಿಳಿಯಿತು. ಅಲ್ಟ್ರಾಸಾನಿಕ್ ವೆಲ್ಡಿಂಗ್ ಎನ್ನುತ್ತಾರೆ. ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿ, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿಕ್ಕುತ್ತದೆ. ಮೇಲಿನ ಪೊರೆ ಹರಿದು, ಕರಗದೆಯೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತೈವಾನಿನ ತೈಚುಂಗ್ ಊರಿನಲ್ಲಿ ಲಿನ್ ಎಂಬುವರು ಅದನ್ನು ತಯಾರಿಸುತ್ತಾರೆಂದು ಗೊತ್ತಾಯಿತು. ಹಳೆಯದೊಂದನ್ನು ರಿಪೇರಿ ಮಾಡಿ ಮಾರಲಿಕ್ಕೂ ಇಟ್ಟಿದ್ದರು. ಸೈಟು ಮಾರಿ ಅದನ್ನೇ ತರುವುದೆಂದು ಮನೆಯಲ್ಲಿ ಹೇಳಿದೆ.

"ಸೈಟಿನ್ಯಾಗ ಮನಿ ಕಟ್ಟೋದಲ್ಲೇನು?" ಎಂದರು ನಮ್ಮ ಯಜಮಾನರು.

"ಅಂಗಡಿ ಹೋದ ಮ್ಯಾಲೆ ಹೊಸ ಮನ್ಯಾಗ ಕುಂತು ಏನ್ ಮಾಡೋಣು, ಒಬ್ಬರ ಮಕ ಒಬ್ರು ನೋಡೋದಾ?" ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನ ಜೊತೆ ಹೊರಟವರು ನಮ್ಮ ಮೇಸ್ತ್ರಿ ಮಾಬುಸಾಬ್. ನಾನು ಮಾಬಣ್ಣ ಎನ್ನುತ್ತೇನೆ. ಹೊಗೆಯಾಡಿದ ಆ ಜಾಯಿಂಟ್ ಅವರ ಕೈಯದು. ತಳ್ಳುಗಾಡಿ ಬಂದ ದಿನದಿಂದ ಅವರು ಯಾರ್ಡಿನ ಚಹಾ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದ ದಿನ ಮಾತ್ರ ಹೋಗಿ, ಎಲ್ಲರಿಗೂ ತೋರಿಸಿ ಬಂದರು.

ತೈಚುಂಗ್, ಮೊದಲ ಸಂಜೆ

ವಿಮಾನದ ಕಥೆ ಬೇಡ. ಕಿಟಕಿ ಪಕ್ಕ ಕೂತವರು ಮಲಗುತ್ತಾರೆ, ನಡುವೆ ಕೂತವರು ನರಳುತ್ತಾರೆ, ಅಷ್ಟೆ.

ಕೋಣೆಗೆ ಬಂದು ಕಾಲು ಚಾಚುವಷ್ಟರಲ್ಲಿ ಬೀದಿಯಿಂದ ವಾದ್ಯದ ದನಿ ಕೇಳಿತು. ಹಾಡಿಲ್ಲ, ಬರೀ ಇಂಪಾದ ವಾದ್ಯ. ಪಕ್ಕದ ಕೋಣೆಯ ಮಾಬಣ್ಣ ಕಿಟಕಿಯಲ್ಲಿ ನೋಡಿ ಬಂದು ನನ್ನ ಬಾಗಿಲು ಬಡಿದರು.

"ಅಕ್ಕಾ, ಮದಿವಿ ಮೆರವಣಿಗಿ ಬರಾಕತ್ತೈತಿ! ಜನ ಎಲ್ಲಾ ಮನಿ ಬಿಟ್ಟು ಹೊರಗ ನಿಂತಾರ. ಬರ್ರಿ, ಜಲ್ದಿ!"

ಪರದೇಶದ ಮದುವೆ ನೋಡಿದಂತಾಗುತ್ತದೆಂದು ನಾನೂ ಸೆರಗು ಸರಿಮಾಡಿಕೊಂಡು ಇಳಿದೆ. ಬೀದಿಯ ಎರಡೂ ಬದಿ ಜನ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚೀಲ. ಉಡುಗೊರೆ ಇರಬೇಕು ಎಂದುಕೊಂಡೆ. ತಿರುವಿನಲ್ಲಿ ಕಾಣಿಸಿಕೊಂಡದ್ದು ಹಳದಿ ಬಣ್ಣದ ಕಸದ ಲಾರಿ. ನಿಲ್ಲುವುದಷ್ಟೇ ತಡ, ಮುದುಕರು, ಹುಡುಗಿಯರು, ಕೋಟು ಹಾಕಿದ ಸಾಹೇಬರು ಎಲ್ಲರೂ ಚೀಲ ಎಸೆಯಲು ಓಡಿದರು. ನಾವಿಬ್ಬರೇ ಬರಿಗೈ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಖಾಲಿ ಕೈ ನೋಡಿ ಮರುಗಿ, ತಮ್ಮ ಎರಡು ಚೀಲಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ಎಸೆದೆ. ಅಜ್ಜಿ ನಕ್ಕು ತಲೆಯಾಡಿಸಿದರು. ತೈವಾನಿನಲ್ಲಿ ನಾನು ಮಾಡಿದ ಮೊದಲ ಕೆಲಸ ಅದು.

ನಮ್ಮಲ್ಲೂ ಕಸದ ಗಾಡಿ ಹಾಡುತ್ತಲೇ ಬರುತ್ತದೆ. ಅದು ತಿರುವು ದಾಟಿದ ಮೇಲೆ ನಾವು ಬುಟ್ಟಿ ಹಿಡಿದು ಹೊರಗೆ ಬಂದು, ಮುನಿಸಿಪಾಲಿಟಿಯವರನ್ನು ಬಯ್ದು ಒಳಗೆ ಹೋಗುತ್ತೇವೆ. ಹಾಡಿನಲ್ಲಿ ತಪ್ಪಿಲ್ಲ, ನಮ್ಮ ಕಾಲಿನಲ್ಲಿದೆ.

ಲಿನ್ ಅವರ ಕಾರ್ಖಾನೆ

ಲಿನ್ ಎಪ್ಪತ್ತರ ಹತ್ತಿರದ ಸಣ್ಣ ಆಳು, ಬಿಳಿ ಬನಿಯನ್ನು, ಕಾಲಿಗೆ ಹವಾಯಿ ಚಪ್ಪಲಿ. ಮಗಳು ಶುಫೆನ್ ಇಂಗ್ಲಿಷ್ ಬಲ್ಲವಳು. ನನಗೆ ಬರುವುದು ಗಿರಾಕಿ ಇಂಗ್ಲಿಷ್. ಅದಕ್ಕೂ ಮೀರಿದ್ದನ್ನು ಫೋನು ಅನುವಾದ ಮಾಡುತ್ತಿತ್ತು.

ಕಾರ್ಖಾನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಯಂತ್ರವಲ್ಲ, ಅದರ ನೆತ್ತಿಯ ಮೇಲಿದ್ದ ಹಸಿರು ತಿಂಡಿ ಪೊಟ್ಟಣ. ಮಕ್ಕಳು ತಿನ್ನುವ ಜೋಳದ ಉಬ್ಬು ತಿಂಡಿ. ಪ್ರತಿ ಯಂತ್ರದ ಮೇಲೂ ಒಂದೊಂದು. ಯಾಕೆಂದು ಕೇಳಿದರೆ ಶುಫೆನ್ ಸಂಕೋಚವಿಲ್ಲದೆ ಹೇಳಿದಳು: "ಅದು ಇದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ. ಪೊಟ್ಟಣ ಹಸಿರೇ ಆಗಿರಬೇಕು. ತಾರೀಖು ಮುಗಿದಿರಬಾರದು."

ಮಾಬಣ್ಣನಿಗೆ ಆ ಜನ ಒಂದೇ ಕ್ಷಣದಲ್ಲಿ ಸ್ವಂತದವರಾದರು. "ನಾವು ನಿಂಬಿಹಣ್ಣು ಕಟ್ತೀವಿ, ಇವ್ರು ಚಿಪ್ಸ್ ಇಡ್ತಾರ. ಕೆಟ್ಟ ಕಣ್ಣು ಎಲ್ಲಾ ಕಡಿನೂ ಐತ್ರಿ ಅಕ್ಕಾ!"

ಲಿನ್ ತಮ್ಮ ತಾಮ್ರದ ಪಟ್ಟಿ, ತಮ್ಮ ಅಲ್ಯೂಮಿನಿಯಂ ಇಟ್ಟು ಬೆಸೆದು ತೋರಿಸಿದರು. ಕಿರ್ ಎಂದು ಒಂದು ಸಣ್ಣ ದನಿ, ಅಷ್ಟರಲ್ಲಿ ಕೆಲಸ ಮುಗಿದಿತ್ತು. ಕಿಡಿಯಿಲ್ಲ, ಹೊಗೆಯಿಲ್ಲ. ಹಿಡಿದು ಎಳೆದೆ, ಬರಲಿಲ್ಲ. ಮನಸ್ಸು ಅಲ್ಲೇ ಒಪ್ಪಿತು. ಮನಸ್ಸು ಒಪ್ಪಿದ್ದನ್ನು ಮುಖಕ್ಕೆ ತರುವ ಹೆಂಗಸು ನಾನಲ್ಲ. "ಅಡ್ಡಿಯಿಲ್ಲ" ಎಂದೆ. ಬೆಲೆ ಕೇಳಿದೆ. ಅವರು ಹೇಳಿದರು. ಇಳಿಸಿ ಎಂದೆ. ಅವರು ನಕ್ಕು, ಇಳಿಯುವುದಿಲ್ಲ ಎಂದರು.

ನಮ್ಮ ಯಾರ್ಡಿನಲ್ಲಿ ಇಂಥ ಹೊತ್ತಿಗೆ ಎದ್ದು ನಡೆಯುವುದು ಒಂದು ವಿದ್ಯೆ. ಅವಸರ ಮಾಡಬಾರದು, ತಿರುಗಿ ನೋಡಬಾರದು, ಕಿವಿ ಮಾತ್ರ ಹಿಂದಿರಬೇಕು. ಗೇಟ್ ಮುಟ್ಟುವ ಮುಂಚೆ "ರಾಮ್ಮಾ, ರಾ" ಎಂದು ತೆಲುಗಿನಲ್ಲೋ, "ಬರ್ರೆಮ್ಮಾ" ಎಂದು ಕನ್ನಡದಲ್ಲೋ ಕರೆ ಬಂದೇ ಬರುತ್ತದೆ. ನಾನು ಹುಬ್ಬು ಗಂಟಿಕ್ಕಿ, ಮಾಬಣ್ಣನಿಗೆ ಕಣ್ಸನ್ನೆ ಮಾಡಿ ಎದ್ದೆ.

ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಗೆದ್ದೆ ಎಂದುಕೊಂಡೆ. ಹೊರಗೆ ಮಳೆ ಹನಿಯುತ್ತಿತ್ತು. ಲಿನ್ ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು ಗೇಟಿನ ತನಕ ನಡೆದು ಬಂದರು. ಶುಫೆನ್ ಅಷ್ಟರಲ್ಲಿ ಫೋನು ಮಾಡಿ ಟ್ಯಾಕ್ಸಿ ಕರೆಸಿಬಿಟ್ಟಿದ್ದಳು. ತಂದೆ ಮಗಳು ಇಬ್ಬರೂ ತಲೆಬಾಗಿ, ಕೈ ಬೀಸಿ, ಶುಭಪ್ರಯಾಣ ಹೇಳಿದರು.

"ಅಕ್ಕಾ," ಮಾಬಣ್ಣ ಪಿಸುಗುಟ್ಟಿದರು, "ಇವ್ರು ಖರೇನೇ ಕಳಿಸಾಕತ್ತಾರಲ್ರಿ! ಈಗೇನು ಟ್ಯಾಕ್ಸಿ ಹತ್ತೋದಾ?"

"ಸುಮ್ನಿರ್ರಿ ಮಾಬಣ್ಣ. ನೀರಡಿಕಿ ಆಗೈತಿ ಅನ್ರಿ."

"ನನಗಾ?"

"ನಿಮಗ ಅನ್ರಿ, ನನಗ ಅನ್ರಿ, ಯಾರಿಗಾದ್ರೂ ಅನ್ರಿ!"

ಹೀಗೆ ನೀರಿನ ನೆಪದಲ್ಲಿ ಒಳಗೆ ಬಂದೆವು. ಅಲ್ಲಿ ನೀರು ಎಂದರೆ ಬಿಸಿನೀರು. ಸೆಕೆಯಲ್ಲಿ ಕೂತು ಊದಿ ಊದಿ ಕುಡಿಯುವ ಹೊತ್ತಿಗೆ ನನಗೊಂದು ಬುದ್ಧಿ ಬಂತು. ಸುತ್ತಿ ಬಳಸದೆ ಹೇಳಿದೆ: "ಬೆಲೆ ಆಮೇಲೆ. ನಾನು ತಂದಿರುವ ತಂತಿಯನ್ನು ನೀವು ನನ್ನ ಕಣ್ಣೆದುರು ಬೆಸೆದು ತೋರಿಸಬೇಕು."

ಶುಫೆನ್ ಅಪ್ಪನಿಗೆ ಹೇಳಿದಳು. ಲಿನ್ ಅಚ್ಚರಿಯಿಂದ ನನ್ನನ್ನು ನೋಡಿದರು. "ಖಂಡಿತ. ನಿಮಗೆ ಯಂತ್ರ ಇಷ್ಟವಾಗಲಿಲ್ಲ ಎಂದುಕೊಂಡೆವು. ಹೊರಟವರನ್ನು ತಡೆಯುವುದು ಒಳ್ಳೆಯ ನಡತೆಯಲ್ಲ."

ಆದೋನಿಯಲ್ಲಿ ತಡೆಯದಿರುವುದೇ ಕೆಟ್ಟ ನಡತೆ. ಆದರೆ ಅದನ್ನು ಅವರಿಗೆ ವಿವರಿಸುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಸ್ವಸ್ತಿಕದ ಊಟ

ನಾನು ಲಿಂಗ ಕಟ್ಟಿಕೊಂಡವಳು, ಮಾಂಸ ಮುಟ್ಟುವುದಿಲ್ಲ. ಮಾಬಣ್ಣ ಹಲಾಲ್ ಅಲ್ಲದ್ದನ್ನು ಮುಟ್ಟುವುದಿಲ್ಲ. ಇಬ್ಬರೂ ಬೀದಿ ಬೀದಿ ಅಲೆದು, ಮೂಗು ಮುಚ್ಚಿಕೊಂಡು ಹಸಿದಿದ್ದೆವು. ಆಗ ಒಂದು ಹೋಟೆಲಿನ ಹಲಗೆಯ ಮೇಲೆ ಸ್ವಸ್ತಿಕ ಕಂಡಿತು. ಅಲ್ಲಿ ಆ ಗುರುತಿದ್ದರೆ ಶಾಕಾಹಾರ ಎಂದು ಅರ್ಥ. ಬುದ್ಧನ ಭಕ್ತರು ನಡೆಸುತ್ತಾರೆ. ಸ್ವಸ್ತಿಕದ ಕೆಳಗೆ ಶಿವಭಕ್ತೆಯೂ ನಮಾಜಿಯೂ ಎದುರುಬದುರು ಕೂತು, ಬುದ್ಧನ ಅನ್ನವನ್ನು ಹೊಟ್ಟೆತುಂಬ ಉಂಡೆವು. ಮರುದಿನವೂ ಅಲ್ಲೇ.

ಒಂದೇ ಕೊರತೆ. ಆ ಭಕ್ತರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು. ಕಂಡ ಕಂಡ ಪಲ್ಯದಲ್ಲಿ ಹುಡುಕಿದೆವು. ಕೊನೆಗೆ ಮಾಬಣ್ಣ ಚಾಪ್‌ಸ್ಟಿಕ್ ಕೆಳಗಿಟ್ಟು ನಿಟ್ಟುಸಿರಿಟ್ಟರು.

"ಅಕ್ಕಾ, ಇವ್ರು ಇಷ್ಟ್ ದೊಡ್ಡ ಮಿಷನ್ ಮಾಡ್ತಾರ. ಒಂದು ಉಳ್ಳಾಗಡ್ಡಿ ಹೆಚ್ಚಾಕ ಬರಂಗಿಲ್ಲೇನ್ರಿ?"

ಪರೀಕ್ಷೆ

ಮಾಬಣ್ಣ ಊರಿಂದಲೇ ತಾಮ್ರದ ಪಟ್ಟಿಗಳನ್ನು ಕತ್ತರಿಸಿ ತಂದಿದ್ದರು, ಅಲ್ಯೂಮಿನಿಯಂ ತಂತಿಯನ್ನು ಸುಟ್ಟ ಮೋಟಾರಿನಿಂದಲೇ ಬಿಚ್ಚಿ ತಂದಿದ್ದರು. ಲಿನ್ ತಂತಿಯ ಮೇಲಿನ ಬಣ್ಣದ ಪೊರೆ ಕೆರೆದು, ಪಟ್ಟಿಯ ಮೇಲಿಟ್ಟು ಯಂತ್ರ ಇಳಿಸಿದರು. ಕಿರ್ ಎಂದಿತು. ಬೆರಳಿನಿಂದ ಎಳೆದೆ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಳಚಿ ಬಂತು.

ಇನ್ನೊಂದು ಸಲ ಮಾಡಿದರು. ಮತ್ತೆ ಸಿಪ್ಪೆ.

ಲಿನ್ ಕತ್ತೆತ್ತಿ ಯಂತ್ರದ ಮೇಲಿನ ಹಸಿರು ಪೊಟ್ಟಣದ ತಾರೀಖು ನೋಡಿದರು. ಮುಗಿದಿರಲಿಲ್ಲ. ಹಾಗಾದರೆ ತಪ್ಪು ನಮ್ಮ ಲೋಹದ್ದು ಎನ್ನುವಂತೆ ನನ್ನ ಕಡೆ ತಿರುಗಿದರು. ತಳ್ಳುಗಾಡಿ ಮತ್ತೆ ಯಾರ್ಡಿನಲ್ಲಿ ಉರುಳುವ ಸದ್ದು ನನಗೂ ಮಾಬಣ್ಣನಿಗೂ ಕೇಳಿಸುತ್ತಿತ್ತು.

ನಾನು ಪಟ್ಟಿಯನ್ನು ಉಜ್ಜಿ ನೋಡಿದೆ. ನುಣುಪಾಗಿತ್ತು, ಬೇಕಾದ್ದಕ್ಕಿಂತ ನುಣುಪು. ಬೆರಳು ಮೂಗಿಗೆ ಹಿಡಿದೆ. ನಮ್ಮ ಅಡುಗೆಮನೆಯ ವಾಸನೆ.

"ಮಾಬಣ್ಣ, ಪಟ್ಟಿಗಿ ಏನ್ ಹಚ್ಚೀರಿ?"

"ಏನಿಲ್ರಿ ಅಕ್ಕಾ. ಹುಣಸಿಹಣ್ಣು ಉಪ್ಪು ಹಚ್ಚಿ ಫಳಫಳ ಅನ್ನಂಗ ತಿಕ್ಕೀನಿ. ದಾರ್ಯಾಗ ಕಪ್ಪಾಗಬಾರ್ದು ಅಂತ ಮ್ಯಾಲೆ ಜರಾ ಶೇಂಗಾ ಎಣ್ಣಿ ಸವರೀನಿ. ಪರದೇಶದವರ ಮುಂದ ನಮ್ಮ ತಾಮ್ರ ಮಾಸಿರಬಾರ್ದಲ್ರಿ?"

ದೇವರ ಕೊಡ ಬೆಳಗುವ ಹಾಗೆ ಬೆಳಗಿ ತಂದಿದ್ದರು! ತಿಕ್ಕಿ ಬೆಸೆಯುವ ಯಂತ್ರದ ಕೆಳಗೆ ಎಣ್ಣೆ ಸವರಿದರೆ ಅದು ಜಾರದೆ ಇನ್ನೇನು ಮಾಡೀತು? ನಾನು ನಕ್ಕೆ. ಮಾಬಣ್ಣ ಹಣೆ ಬಡಿದುಕೊಂಡರು. ಶುಫೆನ್‌ಗೆ ವಿಷಯ ತಿಳಿಸಿದಾಗ ಲಿನ್ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ತಾವೇ ಸ್ಪಿರಿಟ್ ತಂದು ಪಟ್ಟಿಗಳನ್ನು ಒರೆಸಿದರು. ಈ ಸಲ ಕಚ್ಚಿಕೊಂಡಿತು. ಇಬ್ಬರು ಹಿಡಿದು ಜಗ್ಗಿದರೂ ಬರಲಿಲ್ಲ.

ಅಲ್ಲಿಗೆ ಸಂತೋಷಪಟ್ಟು ಹಣ ಕಟ್ಟಿದ್ದರೆ ಈ ಬರಹವನ್ನು ನಾನು ಅಳುತ್ತ ಬರೆಯಬೇಕಾಗುತ್ತಿತ್ತು. ಸೀಜನ್‌ನಲ್ಲಿ ನಮ್ಮ ಮಿಲ್ಲಿನ ಮೋಟಾರು ಬೆಳಗಿನಿಂದ ಬೆಳಗಿನವರೆಗೆ ಓಡುತ್ತದೆ, ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. "ಇದನ್ನು ನಾಳೆಯವರೆಗೆ ನಿಮ್ಮ ಓವನ್ನಿನಲ್ಲಿಡಿ" ಎಂದೆ. ಇಟ್ಟರು. ಮರುದಿನ ತೆಗೆದು ಎಳೆದರೆ ಟಪ್ಪೆಂದು ಬಿಟ್ಟುಕೊಂಡಿತು. ಬಿಟ್ಟ ಜಾಗದಲ್ಲಿ ಅದೇ ಬಿಸ್ಕತ್ತಿನಂಥ ಬೂದು ಪದರ.

"ಅಯಿಪೋಯಿಂದಿ ಅಕ್ಕಾ," ಎಂದರು ಮಾಬಣ್ಣ ತೆಲುಗಿನಲ್ಲಿ. ದುಃಖ ಹೆಚ್ಚಾದಾಗ ಅವರಿಗೆ ಬರುವುದು ತೆಲುಗೇ. "ಮುಗೀತು. ಬೆಂಕಿ ಇಲ್ಲದಿದ್ರೂ ಇವೆರಡು ಹೊಂದಂಗಿಲ್ಲ."

ಲಿನ್ ಕೂಡ ಪ್ರಾಮಾಣಿಕವಾಗಿ ಹೇಳಿದರು: "ಬ್ಯಾಟರಿ ಮಾಡುವವರು ಇದನ್ನೇ ಕೊಳ್ಳುತ್ತಾರೆ, ಅವರಿಗೆ ಸಾಕು. ನಿಮ್ಮ ಮೋಟಾರಿನ ಕಾವು ಜಾಸ್ತಿ."

ನಾನು ಆ ಎರಡು ತುಂಡುಗಳನ್ನು ಹಿಡಿದು ಕೂತೆ. ಬೆಸುಗೆಯ ಶಾಸ್ತ್ರ ನನಗೆ ಗೊತ್ತಿಲ್ಲ, ವ್ಯಾಪಾರ ಗೊತ್ತು. ನಮ್ಮ ಯಾರ್ಡಿನಲ್ಲಿ ಹತ್ತಿ ತಂದ ರೈತನೂ ಕೊಳ್ಳುವ ಮಿಲ್ಲಿನವರೂ ನೇರವಾಗಿ ಎದುರು ಕೂತರೆ ಸ್ವಲ್ಪ ಹೊತ್ತಿಗೇ ಮಾತು ಬಿಸಿಯಾಗಿ ಕೆಡುತ್ತದೆ. ನಡುವೆ ದಲ್ಲಾಳಿ ಕೂತರೆ ವ್ಯವಹಾರ ಕುದುರುತ್ತದೆ. ಅವನಿಗೆ ಇಬ್ಬರ ಜೊತೆಗೂ ಸಲಿಗೆ, ಇಬ್ಬರ ಬಿಸಿಯೂ ಅವನಿಗೆ ತಾಗದು. ಶುಫೆನ್‌ಗೆ ಕೇಳಿದೆ: "ಇವೆರಡೂ ಒಂದನ್ನೊಂದು ಮುಟ್ಟದ ಹಾಗೆ, ಇಬ್ಬರಿಗೂ ಬೇಕಾದ ಮೂರನೆಯ ಲೋಹವನ್ನು ನಡುವೆ ಇಡಲು ಬರುತ್ತದೋ?"

ಅವಳು ನನ್ನನ್ನೇ ನೋಡಿದಳು. "ಬರುತ್ತದೆ. ನಿಕ್ಕಲ್‌ನ ತೆಳ್ಳನೆ ರೇಕು ಇಡಬಹುದು. ಕಾದಾಗ ಈ ಬೂದು ಪದರ ಬೇಗ ಬೆಳೆಯದಂತೆ ಅದು ತಡೆಯುತ್ತದೆ. ಕೆಲಸ ಹೆಚ್ಚು, ಹಾಗಾಗಿ ಯಾರೂ ಕೇಳುವುದಿಲ್ಲ."

"ನಾನು ಕೇಳುತ್ತಿದ್ದೇನೆ" ಎಂದೆ.

ಆಮೇಲಿನದು ಮಾಬಣ್ಣ ಮತ್ತು ಲಿನ್ ಇಬ್ಬರ ಜುಗಲಬಂದಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಕೈ ಸನ್ನೆಯಲ್ಲೇ ಜಗಳ, ಕೈ ಸನ್ನೆಯಲ್ಲೇ ರಾಜಿ. ಒತ್ತಡ ಕಡಿಮೆಯಾದರೆ ರೇಕು ಜಾರುತ್ತಿತ್ತು; ಹೆಚ್ಚಾದರೆ ಹರಿದು ತಂತಿಯೂ ಅಪ್ಪಚ್ಚಿಯಾಗುತ್ತಿತ್ತು. ಕೆಟ್ಟ ತುಂಡುಗಳು ಬುಟ್ಟಿಯಲ್ಲಿ ಗುಡ್ಡೆಯಾದವು. ಸಂಜೆಯ ಹೊತ್ತಿಗೆ ಹದ ಸಿಕ್ಕಿತು. ಓವನ್ನಿನೊಳಗೆ ಒಂದು ಸಾಲು ಇಟ್ಟು ಬಂದೆವು.

ಬೆಳಿಗ್ಗೆ ಲಿನ್ ಮೊದಲ ತುಂಡನ್ನು ಎಳೆಯುವ ಯಂತ್ರಕ್ಕೆ ಸಿಕ್ಕಿಸಿದರು. ಮಾಬಣ್ಣ ಕಣ್ಣು ಮುಚ್ಚಿ ಏನೋ ಓದಿಕೊಳ್ಳುತ್ತಿದ್ದರು. ನಾನು ಕಣ್ಣು ತೆರೆದೇ ಇದ್ದೆ. ಸೈಟು ಮಾರಿದವರಿಗೆ ಕಣ್ಣು ಮುಚ್ಚುವ ಸೌಕರ್ಯವಿಲ್ಲ. ಯಂತ್ರ ಎಳೆಯಿತು. ಇನ್ನೂ ಎಳೆಯಿತು. ಟಪ್ಪೆಂದಿತು.

ಲಿನ್ ತುಂಡನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಜಾಯಿಂಟ್ ಇಟ್ಟಲ್ಲೇ ಇತ್ತು. ಹರಿದದ್ದು ಅದರ ಪಕ್ಕದ ಅಲ್ಯೂಮಿನಿಯಂ ತಂತಿ! ಎರಡನೆಯದೂ ಹಾಗೆಯೇ. ಸಾಲು ಮುಗಿಯುವವರೆಗೂ ಹಾಗೆಯೇ.

"ವಾಹ್ ರೇ ವಾಹ್!" ಮಾಬಣ್ಣ ಲಿನ್ ಅವರನ್ನು ಎತ್ತಿಯೇ ಬಿಟ್ಟರು. ಒಂದು ಹವಾಯಿ ಚಪ್ಪಲಿ ಯಂತ್ರದ ಅಡಿಗೆ ಹೋಯಿತು.

ಆಗ ಲಿನ್ ಒಂದು ಮಾತು ಕೇಳಿದರು. ಸುಟ್ಟ ಮೋಟಾರಿನ ತಂತಿ ಹೀಗೆ ಹಿಡಿದದ್ದನ್ನು ತಮ್ಮ ಬೇರೆ ಗಿರಾಕಿಗಳಿಗೆ ತೋರಿಸಬೇಕು, ಆ ತುಂಡುಗಳನ್ನು ಕೊಟ್ಟು ಹೋಗುತ್ತೀರಾ ಎಂದು. ಕೊಳ್ಳುವವಳು ನಾನೇ ಆಗಿದ್ದೆ, ಈಗ ಮಾರುವವಳೂ ಆದೆ. "ಕೊಡುತ್ತೇನೆ" ಎಂದೆ. "ನಿಕ್ಕಲ್ ರೇಕಿನ ಸುರುಳಿಯೂ, ತಿಕ್ಕುವ ಮೂತಿ ಸವೆದರೆ ಹಾಕಲು ಇನ್ನೊಂದು ಮೂತಿಯೂ ಯಂತ್ರದ ಜೊತೆ ಬರಲಿ." ಲಿನ್ ಕೈ ಚಾಚಿದರು. ಬೆಲೆ ಇಳಿಸದ ಮನುಷ್ಯನಿಂದ ಬೆಲೆಯೊಳಗೆ ಅಷ್ಟನ್ನು ತುಂಬಿಸಿಕೊಂಡು ಬಂದೆ. ಒಂದು ತುಂಡನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡೆ.

ಮತ್ತೆ ಆದೋನಿ

ಯಂತ್ರ ಹಡಗಿನಲ್ಲಿ ಚೆನ್ನೈಗೂ, ಲಾರಿಯಲ್ಲಿ ಆದೋನಿಗೂ ಬಂತು. ಹತ್ತಿ ಬರತೊಡಗಿದ ವಾರದಲ್ಲಿ ಹೊಸ ಜಾಯಿಂಟಿನ ಮೋಟಾರನ್ನು ಮಲ್ಲಿಕಾರ್ಜುನಪ್ಪನವರ ಮಿಲ್ಲಿನಲ್ಲಿ ಕೂಡಿಸಿದೆವು. ಮುಚ್ಚಳ ತೆಗೆದಿಟ್ಟು, ಕರೆಂಟ್ ಹೊಡೆಯದಂತೆ ಜಾಯಿಂಟಿನ ಮೇಲೆ ಪ್ಲಾಸ್ಟಿಕ್ಕಿನ ಕವಚ ಹೊದಿಸಿ ಓಡಿಸಿದೆವು. ಅವರು ಕುರ್ಚಿ ತರಿಸಿ ಪಕ್ಕದಲ್ಲೇ ಕೂತರು. ಮಧ್ಯಾಹ್ನ ಎದ್ದು ಕವಚದ ಮೇಲೆ ಅಂಗೈ ಇಟ್ಟರು. ತೆಗೆಯಲೇ ಇಲ್ಲ. ಕೂಲಿಯವರು ನೋಡುತ್ತಿದ್ದರು.

"ಬೆಚ್ಚಗೈತಿ," ಎಂದರು.

"ಬೆಚ್ಚಗೇ ಇರ್ತೈತ್ರಿ ಅಪ್ಪಾರ, ಮೋಟಾರಲ್ಲೇನು? ಸುಡಂಗಿಲ್ಲ."

"ಸುಡಂಗಿಲ್ಲ," ಎಂದು ಒಪ್ಪಿಕೊಂಡು ಕೈ ತೆಗೆದರು. "ಉಳಿದ ಮೋಟಾರ್‌ಗಳನ್ನೂ ಕಳಿಸ್ತೀನಿ. ತಳ್ಳುಗಾಡಿ ಬಾಡಿಗಿ ನಿಮ್ದು."

"ಬಾಡಿಗಿ ನಿಮ್ದೇರಿ. ಹೋದ ಸರ್ತಿ ನೀವೇ ಖುಷಿಯಿಂದ ಕೊಟ್ಟಿದ್ರಲ್ಲ!"

ಕೂಲಿಯವರು ನಕ್ಕರು, ಅವರೂ ನಕ್ಕರು. ಬಾಡಿಗೆ ಅವರೇ ಕೊಟ್ಟರು. ಸೀಜನ್ ಮುಗಿಯುವ ಹೊತ್ತಿಗೆ ಎಮ್ಮಿಗನೂರಿನಿಂದಲೂ ಮೋಟಾರುಗಳು ಬರಲಾರಂಭಿಸಿದವು. ಮಾಬಣ್ಣ ಈಗ ಚಹಾ ಅಂಗಡಿಯಲ್ಲಿ ಕೂತು ತೈವಾನಿನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ಹೇಳುತ್ತಾರೆ.

ನೀವೂ ಯಂತ್ರ ತರಲು ಹೊರದೇಶಕ್ಕೆ ಹೋಗುವವರಾದರೆ ನನ್ನ ಮಾತು ಕೇಳಿ. ಹುರಿದ ಬೆಳ್ಳುಳ್ಳಿ ಚಟ್ನಿಪುಡಿ ಒಯ್ಯಿರಿ. ಮುನಿಸಿಕೊಂಡು ಎದ್ದು ಬರುವ ಮುಂಚೆ ಆ ಊರಿನಲ್ಲಿ ಕರೆಯುವ ಪದ್ಧತಿ ಇದೆಯೋ ಇಲ್ಲವೋ ವಿಚಾರಿಸಿಕೊಳ್ಳಿ. ಮಾರುವವನ ಹೊಳೆಯುವ ಲೋಹದ ಮೇಲೆ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದಕ್ಕೆ ಮರುಳಾಗಬೇಡಿ. ನಿಮ್ಮ ಅಂಗಡಿಯ ಮಾಸಿದ ಲೋಹವನ್ನೇ ಒಯ್ಯಿರಿ, ಅದಕ್ಕೆ ಎಣ್ಣೆ ಮುಟ್ಟಿಸಬೇಡಿ. ನಿಮ್ಮ ಊರಿನ ಕಾವು ಎಷ್ಟೋ ಅಷ್ಟು ಕಾಯಿಸಿ ನೋಡಲು ಹೇಳಿ, ನಾಚಿಕೊಳ್ಳಬೇಡಿ. ಎರಡು ಲೋಹಗಳು ಹೊಂದಲಿಲ್ಲ ಎಂದರೆ ನಡುವೆ ಯಾವುದನ್ನು ಇಡಬಹುದು ಎಂದು ಬಾಯಿ ಬಿಟ್ಟು ಕೇಳಿ. ಕೊನೆಗೆ ಜಾಯಿಂಟನ್ನು ನಿಮ್ಮ ಕಣ್ಣೆದುರು ಹರಿಯುವ ತನಕ ಎಳೆಸಿ. ತಂತಿ ಹರಿದು ಜಾಯಿಂಟ್ ಉಳಿಯಬೇಕು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ ಮೇಲೆಯೇ ಬೆಲೆಯ ಮಾತು ತೆಗೆಯಿರಿ.